ನೊರೆ ಹಚ್ಚಿಕೊಂಡವರ ಫೋಟೋ

ಆ ಫೋಟೋ ತೆಗೆದ ಊರು ತರೀಕೆರೆಯೇ ಇರಬೇಕು. ಇರಬೇಕು ಎನ್ನುತ್ತಿದ್ದೇನೆ, ಏಕೆಂದರೆ ಕಡೂರಿನ ನಮ್ಮ ಮನೆಯಿಂದ ಹೊರಟು, ತರೀಕೆರೆ ನೋಡಿಕೊಂಡು, ಅಜ್ಜಂಪುರ ಸುತ್ತಿ ಬಂದ ನೆನಪಿದೆ. ಆದರೆ ಅದು ಒಂದೇ ದಿನವೋ, ಎರಡು ಬೇರೆ ಭಾನುವಾರಗಳೋ, ಹೋದ ವರ್ಷವೋ ಅದರ ಹಿಂದಿನದೋ ಎಂದು ಯಾರಾದರೂ ಒತ್ತಿ ಕೇಳಿದರೆ ನಾನು ನೀರು ಕುಡಿಯಲು ಎದ್ದುಹೋಗುತ್ತೇನೆ. ನೆನಪನ್ನು ನಾನು ಹೆಚ್ಚು ನಂಬುವುದಿಲ್ಲ. ಯಾರ ಮುಂದೆ ಹೋಗಬೇಕೋ ಅವರಿಗೆ ತಕ್ಕಂತೆ ಅದು ತಲೆ ಬಾಚಿಕೊಂಡು ಬರುತ್ತದೆ. ಕ್ಯಾಮೆರಾವನ್ನಾದರೂ ನಂಬೋಣವೆಂದರೆ ಅದರೊಳಗಿನ ತಾರೀಖನ್ನು ನಾನು ಸರಿಮಾಡಿಯೇ ಇರಲಿಲ್ಲ. ಅದರ ಪ್ರಕಾರ ನನ್ನ ಫೋಟೋಗಳೆಲ್ಲ ಯಾವುದೋ ಒಂದು ಜನವರಿ ಒಂದರಂದೇ ತೆಗೆದವು.

ಫೋಟೋಗಳ ಪ್ರಿಂಟ್ ಮಾರಲು ನನ್ನದೇ ಒಂದು ವೆಬ್‌ಸೈಟ್ ಮಾಡಿಕೊಂಡದ್ದು ನಾನಾಗಿ ತಂದುಕೊಂಡ ಸುಸ್ತುಗಳಲ್ಲಿ ತೀರ ಈಚಿನದು. ಕಾಲೇಜಿನ ಆಫೀಸಿನಲ್ಲಿ ದಿನವಿಡೀ ಅರ್ಜಿ ನೋಡಿ ಬಂದವನು ಸಂಜೆ ಮತ್ತೆ ಕಂಪ್ಯೂಟರ್ ಮುಂದೆ ಕೂತರೆ, ಆ ವೆಬ್‌ಸೈಟು ನನ್ನಿಂದಲೇ ಅರ್ಜಿ ತುಂಬಿಸುತ್ತಿತ್ತು. ಪ್ರತಿ ಫೋಟೋಕ್ಕೂ ‘ಈ ಚಿತ್ರದ ಕಥೆ’ ಎಂಬ ಖಾನೆ. ಖಾಲಿ ಬಿಟ್ಟರೆ ಮುಂದೆ ಹೋಗಲು ಬಿಡದು. ಸಲೂನಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕುಳಿತ ಒಬ್ಬರ ಫೋಟೋಕ್ಕೆ, ‘ತರೀಕೆರೆಯ ಒಂದು ಬೆಳಗು. ಇವರು ಯಾರನ್ನೋ ನೋಡಲು ಹೊರಟಿದ್ದಾರೆ’ ಎಂದು ಬರೆದೆ. ಹೊರಟಿದ್ದರೋ ಇಲ್ಲವೋ, ನಾನು ಕೇಳಿರಲಿಲ್ಲ.

ಎರಡು ವರ್ಷದಲ್ಲಿ ಎರಡು ಆರ್ಡರ್ ಬಂದಿದ್ದವು. ಒಂದು ನಾನೇ ಹಾಕಿ ನೋಡಿದ್ದು. ಇನ್ನೊಂದು ನನ್ನ ಹೆಂಡತಿ ಸುಮಾ ತನ್ನ ತಂಗಿಯ ವಿಳಾಸ ಕೊಟ್ಟು ತರಿಸಿದ್ದು. ಆ ಕನಿಕರ ಮೂರು ತಿಂಗಳ ಮೇಲೆ ಬಯಲಾಯಿತು. ಮೂರನೆಯದು ಅಜ್ಜಂಪುರದಿಂದ, ಆ ನೊರೆಯ ಫೋಟೋಕ್ಕೆ. ಜೊತೆಗೆ ಒಂದು ಸಾಲು: ‘ಪೋಸ್ಟ್ ಮಾಡಬೇಡಿ, ನಾವೇ ಬರುತ್ತೇವೆ.’

ಬಂದರು. ಗೊಬ್ಬರದ ಅಂಗಡಿಯ ರುದ್ರೇಶ, ಮತ್ತು ಅವನ ತಾಯಿ ಗಂಗಮ್ಮ.

“ಇದು ನಮ್ಮಪ್ಪ ಸಾರ್,” ಎಂದ ರುದ್ರೇಶ. “ಆ ಕಿವಿ ನೋಡಿ, ಇನ್ಯಾರಿಗೂ ಇಲ್ಲ. ತೀರ್ಕೊಂಡು ವರ್ಷ ಆಗ್ತಾ ಬಂತು. ಒಂದಿನಾನೂ ಫೋಟೋಗೆ ಅಂತ ನಿಂತೋರಲ್ಲ.”

“ಇಲ್ಲಿ ಓಡೋಗಕ್ಕೆ ಆಗಿಲ್ಲ, ಕತ್ತಿಗೆ ಬಟ್ಟೆ ಕಟ್ಬಿಟ್ಟಿದ್ರಲ್ಲ,” ಎಂದರು ಗಂಗಮ್ಮ.

“ಹಾರ ಹಾಕೋಕೆ ಇದು ಆಗುತ್ತಾಮ್ಮ? ಮುಖಾನೇ ಕಾಣಲ್ಲ,” ಎಂದೆ.

“ಹಾರ ಆಮೇಲೆ ಕಣಪ್ಪಾ. ಮೊದ್ಲು ಇದೊಂದು ಹೇಳು. ಇದು ತರೀಕೆರೇಲೇ ತೆಗ್ದಿದ್ದಾ?”

ತರೀಕೆರೆಯಲ್ಲಿ ಗಂಗಮ್ಮನ ಅಣ್ಣ ಇದ್ದಾರೆ. ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಆಡಿದ ಒಂದು ಮಾತಿಗೆ ಅವರಿಗೂ ಗಂಗಮ್ಮನ ಗಂಡನಿಗೂ ಹನ್ನೆರಡು ವರ್ಷ ಮಾತಿರಲಿಲ್ಲ. ಸಾವಿಗೆ ಬಂದ ಅಣ್ಣ, ‘ಹೋದ ತಿಂಗಳು ಬಾವ ನಮ್ಮನೆಗೆ ಬಂದು ರಾಜಿಯಾಗಿದ್ರು’ ಎಂದರಂತೆ. ಸತ್ತವರ ಮೇಲೆ ಸುಳ್ಳು ಹೇಳುತ್ತಾನೆಂದು ಗಂಗಮ್ಮ ಅವರನ್ನು ಬಾಗಿಲಿಂದಲೇ ಕಳಿಸಿದ್ದರು. ಈಗ ವರ್ಷದ ಕಾರ್ಯಕ್ಕೆ ಕರೆಯುವುದೋ ಬಿಡುವುದೋ ಎಂಬುದು ನಾನು ಖಾನೆಯಲ್ಲಿ ಬರೆದ ಆ ಸಾಲಿನ ಮೇಲೆ ನಿಂತಿತ್ತು.

“ಅಲ್ಲಮ್ಮ, ಗಡ್ಡ ಮಾಡಿಸ್ಕೊಳ್ಳಕ್ಕೆ ತರೀಕೆರೆ ತನಕ ಯಾಕೋಗ್ತಾರೆ?” ಎಂದ ಮಗ.

“ದಡ್ಡ ಕಣೋ ನೀನು. ನಮ್ಮೂರಲ್ಲಿ ಮಾಡಿಸ್ಕೊಂಡಿದ್ರೆ, ಎಲ್ಲಿಗ್ರೀ ಸವಾರಿ ಅಂತ ನಾನು ಕೇಳ್ತಿರ್ಲಿಲ್ವ?”

ಆ ಕಥೆ ನಾನು ಖಾನೆ ತುಂಬಲು ಬರೆದದ್ದೆಂದು ಆಗ ಹೇಳಬೇಕಿತ್ತು. “ಅಲ್ಲಿ ಬರೆದಿದೆಯಲ್ಲಮ್ಮ,” ಎಂದೆ. ಆಫೀಸಿನಲ್ಲಿ ಇಷ್ಟು ವರ್ಷ ನನ್ನನ್ನು ಕಾಪಾಡಿದ ಮಾತು ಅದು. ನಿಜವೂ ಅಲ್ಲ, ಸುಳ್ಳೆಂದು ಹಿಡಿಯಲೂ ಆಗದು.

ಗಂಗಮ್ಮ ಕಾಫಿ ಲೋಟ ಕೆಳಗಿಟ್ಟರು. “ಫೋನ್ ಮಾಡೋ ನಿನ್ ಮಾವಂಗೆ.” ನಮ್ಮ ನಡುಮನೆಯಲ್ಲೇ ಮಾಡಿಸಿದರು. “ಅಣ್ಣಾ, ನಾನು ಕಣೋ,” ಎಂದರು. ಫೋನನ್ನು ಮಗನ ಕೈಗೆ ತುರುಕಿ, “ದಿನ ಹೇಳೋ, ಬರಕ್ಕೆ ಹೇಳೋ,” ಎಂದು ಗೋಡೆಯ ಕಡೆ ತಿರುಗಿ ಕೂತರು.

ಅವರು ಹೋದ ಮೇಲೆ ಸುಮಾ, “ರೀ, ಅದು ನಮ್ಮ ಕಡೂರಿನ ಬಸ್‌ಸ್ಟ್ಯಾಂಡ್ ಹತ್ರದ್ದು ಅಂತ ನನ್ನತ್ರ ಹೇಳಿದ್ರಿ,” ಎಂದಳು.

“ಹೇಳಿದ್ನಾ?”

ಮುಂದಿನ ಭಾನುವಾರ ಇನ್ನೊಂದು ಪ್ರಿಂಟ್ ಹಿಡಿದು ತರೀಕೆರೆಗೆ ಹೋದೆ. ಎರಡು ಸಲೂನುಗಳಲ್ಲಿ ಎಲ್ಲವೂ ಹೊಸದಾಗಿತ್ತು. ಮೂರನೆಯವರು ಕನ್ನಡಕ ಹಾಕಿಕೊಂಡು ನೋಡಿ, “ಆಗ ಎಲ್ಲರ ಕುರ್ಚೀನೂ ಹಿಂಗೇ ಇದ್ವು ಸಾರ್. ನೊರೆ ಹಚ್ಚಿದ್ಮೇಲೆ ಗಿರಾಕಿಗಳೂ ಅಷ್ಟೇ,” ಎಂದು ವಾಪಸು ಕೊಟ್ಟರು. ಅಜ್ಜಂಪುರಕ್ಕೂ, ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರಕ್ಕೂ ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಬಿಸಿಲಿತ್ತು ಎಂದುಕೊಳ್ಳುತ್ತೇನೆ.

ಕಾರ್ಯ ಮುಗಿದ ಮಾರನೆಯ ದಿನ ರುದ್ರೇಶ ಫೋನ್ ಮಾಡಿದ. ಮಾವ ಬಂದಿದ್ದರಂತೆ. ಹಾರ ಹಾಕಿದ ಫೋಟೋದ ಮುಂದೆ ತುಂಬ ಹೊತ್ತು ನಿಂತಿದ್ದು, “ಇದು ಬಾವ ಅಲ್ಲ ಕಣೇ ಗಂಗಿ. ಆದ್ರೆ ಅವ್ರು ಬಂದಿದ್ದಂತೂ ನಿಜ,” ಎಂದರಂತೆ. “ನಿಂಗೆ ಕಣ್ಣು ಮಂಜಾಗಿದೆ, ಸುಮ್ನೆ ಉಣ್ಣು ಬಾ,” ಎಂದು ಗಂಗಮ್ಮ ಎಲೆ ಹಾಕಿದರಂತೆ. ಇಬ್ಬರೂ ಸಂಜೆಯವರೆಗೆ ಮಾತಾಡಿದರಂತೆ.

ಅಜ್ಜಂಪುರದ ಆ ಗೋಡೆಯ ಮೇಲೆ ಹಾರ ಹಾಕಿಸಿಕೊಂಡವರು ಯಾರು, ಅವರು ಈಗ ಇದ್ದಾರೋ ಇಲ್ಲವೋ, ಇವತ್ತೂ ಯಾವುದಾದರೂ ಊರಿನಲ್ಲಿ ಕಣ್ಣು ಮುಚ್ಚಿ ಗಡ್ಡ ಮಾಡಿಸಿಕೊಳ್ಳುತ್ತಿದ್ದಾರೋ, ನನಗೆ ಗೊತ್ತಿಲ್ಲ.