ಟೊಪ್ಪಿ ಮಾಣಿಯ ಪುಕ್ಕಟೆ ಮುದ್ರೆಗಳು

ಅನುಮಾನ ಪಡುವುದು ನನ್ನ ಮಟ್ಟಿಗೆ ದುರ್ಗುಣವಲ್ಲ, ನಿತ್ಯಕರ್ಮ. ಹಾಲು ತೆಳ್ಳಗಿದ್ದರೆ ಲೋಕವೆಲ್ಲ ಅನುಮಾನಿಸುತ್ತದೆ. ಗಟ್ಟಿಯಾಗಿದ್ದರೆ ಅನುಮಾನಿಸುವವನು ನಾನು. ಸಿರ್ಸಿಯಿಂದ ಯಲ್ಲಾಪುರಕ್ಕೆ ಹೋಗುವ ಬಸ್ಸು ಹೇಳಿದ ಹೊತ್ತಿಗೆ ಸರಿಯಾಗಿ ಬಂದು ನಿಂತರೆ, ಇದು ನಿನ್ನೆ ಬರಬೇಕಾಗಿದ್ದದ್ದೇ ಇರಬೇಕು ಎಂದುಕೊಂಡು ಹತ್ತುತ್ತೇನೆ. ಸಿದ್ದಾಪುರದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರಿಕೆ ಮಾಡುತ್ತಿದ್ದಾಗ ತಪ್ಪು ಬರೆದ ಮಕ್ಕಳನ್ನು ನಾನು ಗದರಿಸಿದ್ದು ಕಡಿಮೆ. ಎಲ್ಲವನ್ನೂ ಸರಿ ಬರೆದವನನ್ನು ಮಾತ್ರ ಹತ್ತಿರ ಕರೆದು, ಬೆನ್ನ ಮೇಲೆ ಕೈಯಿಟ್ಟು, "ಯಾರದ್ದು ನೋಡಿದೆಯಪ್ಪಾ?" ಎಂದು ಮೃದುವಾಗಿ ಕೇಳುತ್ತಿದ್ದೆ. ಸುಲಭಕ್ಕೆ ಬಂದದ್ದರ ಹಿಂದೆ ಏನೋ ಇದ್ದೇ ಇರುತ್ತದೆ ಎಂಬ ಈ ಸಿದ್ಧಾಂತವನ್ನು ನಾನು ಹಾಲಿನ ಮೇಲೆ, ಬಸ್ಸಿನ ಮೇಲೆ, ಅಳಿಯನ ವಿನಯದ ಮೇಲೆ ಎಲ್ಲ ಪ್ರಯೋಗಿಸಿದ್ದೇನೆ. ಪ್ರಯೋಗಿಸದೆ ಬಿಟ್ಟ ಜಾಗ ಒಂದೇ ಒಂದು ಇತ್ತು. ಆ ಜಾಗದಲ್ಲಿ ನಾನೇ ಕೂತಿದ್ದೆ ಎನ್ನುವುದು ಇತ್ತೀಚೆಗೆ ಒಂದು ಕಾರ್ಟೂನಿನಿಂದ ಗೊತ್ತಾಯಿತು.

ಮಗಳ ಮನೆ ಸಿರ್ಸಿಯಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಇದೆ. ಮೊಮ್ಮಗಳು ಅನಘಾ ಶಾಲೆ ಬಿಟ್ಟವಳು ನೇರ ನಮ್ಮಲ್ಲಿಗೆ ಬರುತ್ತಾಳೆ. ಬಂದವಳು ನಮ್ಮನ್ನು ನೋಡಲಿಕ್ಕಲ್ಲ, ಟಿ.ವಿ. ನೋಡಲಿಕ್ಕೆ. ಆ ಹೊತ್ತಿಗೆ ಸರಿಯಾಗಿ ಒಬ್ಬ ಹುಡುಗ ತಲೆಗೆ ಟೊಪ್ಪಿ ಹಾಕಿಕೊಂಡು ಊರೂರು ಅಲೆಯುತ್ತಾನೆ. ಹಾದಿಯಲ್ಲಿ ಕಂಡ ವಿಚಿತ್ರ ಪ್ರಾಣಿಗಳನ್ನೆಲ್ಲ ಹಿಡಿದು ಒಂದೊಂದು ಡಬ್ಬಿಯಲ್ಲಿ ಹಾಕಿಟ್ಟುಕೊಳ್ಳುತ್ತಾನೆ. ಪ್ರತಿ ಊರಿಗೂ ಒಬ್ಬ ಯಜಮಾನ. ಅವನ ಪ್ರಾಣಿಯನ್ನು ತನ್ನ ಪ್ರಾಣಿಯಿಂದ ಸೋಲಿಸಿದರೆ ಅವನು ಹುಡುಗನಿಗೆ ಒಂದು ಮುದ್ರೆ ಕೊಡಬೇಕು. ಎಲ್ಲ ಊರಿನ ಮುದ್ರೆಗಳೂ ಕೂಡಿದರೆ ಹುಡುಗ ಮಹಾವೀರನಾದಂತೆ. ಅವನ ಹೆಸರು ನನ್ನ ನಾಲಗೆಗೆ ಹೊರಳದ್ದರಿಂದ ನಾನು ಅವನಿಗೆ 'ಟೊಪ್ಪಿ ಮಾಣಿ' ಎಂದು ನಾಮಕರಣ ಮಾಡಿದೆ. ಮಾಣಿ ಎಂದರೆ ನಮ್ಮ ಕಡೆ ಹುಡುಗ. ಮಾತೆಲ್ಲ ಹಿಂದಿಯಲ್ಲಿ. ನನ್ನ ಹಿಂದಿಯೋ, ಎಳವೆಯಲ್ಲಿ ಯಾವುದೋ ಪರೀಕ್ಷೆಗೆ ಕಲಿತದ್ದು. ಅದರಲ್ಲಿ ಕಮಲಾ ನೀರು ತರುತ್ತಾಳೆ, ಮೋಹನ ಶಾಲೆಗೆ ಹೋಗುತ್ತಾನೆ, ಯಾರೂ ಯಾರೊಂದಿಗೂ ಹೋರಾಡುವುದಿಲ್ಲ. ಆದರೂ ಕಣ್ಣಿದೆಯಲ್ಲ. ಕಣ್ಣಿಗೆ ಭಾಷೆ ಬೇಡ.

ಕಣ್ಣು ಕಂಡದ್ದನ್ನು ಹೇಳುತ್ತೇನೆ. ಮೊದಲ ಊರಿನಲ್ಲಿ ಯಜಮಾನನ ಪ್ರಾಣಿ ಹೂವಿನ ಧೂಳಿಗೆ ಸೀನಿ ಸೀನಿ ತಾನಾಗಿಯೇ ಅಂಕಣದಿಂದ ಹೊರಗೆ ಬಿತ್ತು. ಟೊಪ್ಪಿ ಮಾಣಿ ಗೆದ್ದ. ಎರಡನೆಯ ಊರಿನ ಯಜಮಾನತಿಯ ಮರಿಯೊಂದು ಕಳೆದುಹೋಗಿತ್ತು. ಇವನು ಹುಡುಕಿಕೊಟ್ಟನೆಂಬ ಉಪಕಾರಕ್ಕೆ ಅವಳು ಕಾದಾಟವನ್ನೇ ಬಿಟ್ಟು ಮುದ್ರೆ ಕೊಟ್ಟು ಕಳಿಸಿದಳು. ಮೂರನೆಯವನಿಗೆ ಎಲ್ಲಿಗೋ ಹೋಗುವ ಅವಸರವಿತ್ತು, ಬಹುಶಃ ಮದುವೆಮನೆಗೆ. ಅರ್ಧ ಆಟಕ್ಕೇ ಮುದ್ರೆಯನ್ನು ಎಸೆದು ಹೋದ. ಸಾಲದ್ದಕ್ಕೆ ಒಂದು ಕೋಡಿನ ಆಮೆ. ಅದನ್ನಾದರೂ ಇವನು ಹಿಡಿದನೇ? ಒಂದು ಬನ್ನು ತಿನ್ನಿಸಿದ, ಅದು ಬೆನ್ನು ಹತ್ತಿ ಬಂತು. ಚಿಕ್ಕದಿರುವಾಗ ಮುದ್ದಾಗಿಯೇ ಇತ್ತು. ಬೆಳೆದು ಹಂಡೆಯಷ್ಟಾದ ಮೇಲೆ, ಯಾವ ಊರಿನ ಕಾಳಗದಲ್ಲಿ ಡಬ್ಬಿ ತೆಗೆದರೂ ನಡುಅಂಕಣದಲ್ಲಿ ಕೂತು ಆಕಳಿಸುತ್ತದೆ. ಟೊಪ್ಪಿ ಮಾಣಿ ಕೂಗುತ್ತಾನೆ, ಬೇಡಿಕೊಳ್ಳುತ್ತಾನೆ, ಟೊಪ್ಪಿ ತೆಗೆದು ನೆಲಕ್ಕೆ ಬಡಿಯುತ್ತಾನೆ. ಅದು ಕೇಳುವುದಿಲ್ಲ. ಯಾಕೆ ಕೇಳಬೇಕು? ಬನ್ನು ಕೊಟ್ಟವನ ಮಾತನ್ನು ಬನ್ನು ಮುಗಿಯುವ ತನಕ ಕೇಳಿದರೆ ಸಾಕು.

ನಾನು ಸುಮ್ಮನಿರಬಹುದಿತ್ತು. ಆದರೆ ಮಾಸ್ತರಿಕೆಯಿಂದ ನಿವೃತ್ತಿಯಾಗುವುದು ಸಂಬಳಕ್ಕೆ ಮಾತ್ರ. ಒಂದು ಸಂಜೆ ಜಗಲಿಯಲ್ಲಿ ಅನಘಾಳನ್ನು ಕೂರಿಸಿಕೊಂಡು ಟೊಪ್ಪಿ ಮಾಣಿಯ ವಿಚಾರಣೆ ಆರಂಭಿಸಿದೆ.

"ಅಂವ ಒಳ್ಳೆಯಂವ ಅಲ್ದ ಅಜ್ಜಾ, ಅದಕ್ಕೇ ಮುದ್ರೆ ಕೊಟ್ಟದ್ದು," ಎಂದಳು.

"ಒಳ್ಳೆಯಂವ ಆದ್ರೆ ಒಂದು ಲೋಟ ಪಾಯಸ ಕೊಡ್ಲಿ. ಮುದ್ರೆ ಎಂತಕ್ಕೆ?"

ನಂತರ ನಾನು ಕನ್ನಡದ ಎರಡು ಕ್ರಿಯಾಪದಗಳ ವ್ಯತ್ಯಾಸವನ್ನು ವಿವರಿಸಿದೆ. ಸಿಕ್ಕುವುದು ಬೇರೆ, ದಕ್ಕುವುದು ಬೇರೆ. ಹಾದಿಯಲ್ಲಿ ಬಿದ್ದದ್ದೂ ಸಿಕ್ಕುತ್ತದೆ. ದಕ್ಕುವುದು ಅರಗಿಸಿಕೊಂಡವನಿಗೆ ಮಾತ್ರ. ಟೊಪ್ಪಿ ಮಾಣಿಗೆ ಮುದ್ರೆ ಸಿಕ್ಕಿದೆ, ಗೆಲುವು ದಕ್ಕಲಿಲ್ಲ. ಸಿಕ್ಕಿದ್ದನ್ನೇ ದಕ್ಕಿದ್ದೆಂದು ತಿಳಿದವನು ಬೆಳೆಯುವುದಿಲ್ಲ. ಅವನ ಟೊಪ್ಪಿ ಮಾತ್ರ ಬೆಳೆಯುತ್ತದೆ. ಈ ಕೊನೆಯ ವಾಕ್ಯ ನನಗೇ ಇಷ್ಟವಾಗಿ ಮತ್ತೊಮ್ಮೆ ಹೇಳಿದೆ. ಮಗುವಿಗಾಗಿ ಅಲ್ಲ, ಪಕ್ಕದ ಕುರ್ಚಿಯಲ್ಲಿ ಚಾ ಕುಡಿಯುತ್ತಿದ್ದ ಗಣಪಣ್ಣನಿಗಾಗಿ.

ಗಣಪಣ್ಣನ ವಿಷಯ ಹೇಳಲೇಬೇಕು. ಊರು ಎಕ್ಕಂಬಿ, ವೃತ್ತಿ ಸಿರ್ಸಿಯಲ್ಲಿ ವಕೀಲಿಕೆ, ಪ್ರವೃತ್ತಿ ನನ್ನದೇ: ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಒಂದು ಪದ್ಯ ಹಾಡುತ್ತಾರೆ, ಅದರ ಮೇಲೆ ನಾವು ಪಾತ್ರಗಳಾಗಿ ಎದುರುಬದುರು ಕೂತು ಆಶುವಾಗಿ ವಾದ ಹೂಡುತ್ತೇವೆ. ಈ ಮಾತಿಗೆ ಅರ್ಥ ಎಂದೂ ಆಡುವವನಿಗೆ ಅರ್ಥಧಾರಿ ಎಂದೂ ಹೆಸರು. ಕತೆಯಲ್ಲಿ ಯಾರು ಸಾಯಬೇಕು ಎಂಬುದು ಮೊದಲೇ ಗೊತ್ತು. ಮಾತಿನಲ್ಲಿ ಯಾರು ಸಾಯುತ್ತಾರೆ ಎಂಬುದನ್ನು ನೋಡಲು ಜನ ಬರುತ್ತಾರೆ. ಕೆಲವು ವರ್ಷಗಳಿಂದ ನನ್ನೆದುರು ಕೂತ ಗಣಪಣ್ಣ ಪ್ರತಿ ಸಲವೂ ಪ್ರಸಂಗದ ಮುಕ್ಕಾಲಿಗೆ ಬರುವಷ್ಟರಲ್ಲಿ ತಲೆ ತಗ್ಗಿಸಿ ಮೌನವಾಗುತ್ತಿದ್ದ. ನಾನು ಶಾಲು ಸರಿಮಾಡಿಕೊಂಡು ಸಭೆಯ ಕಡೆ ನೋಡುತ್ತಿದ್ದೆ. ಗಟ್ಟಿ ಹಾಲನ್ನು ಅನುಮಾನಿಸಿದವನು, ವಕೀಲನೊಬ್ಬ ಸುಮ್ಮನಾದದ್ದನ್ನು ಅನುಮಾನಿಸಲಿಲ್ಲ ನೋಡಿ.

ಅವನು ಚಾ ಮುಗಿಸಿ ಎದ್ದುಹೋದ ಮೇಲೆ ಅನಘಾ ನನ್ನ ಕಿವಿಯ ಹತ್ತಿರ ಬಂದಳು. "ಅಜ್ಜಾ, ಗಣಪಜ್ಜ ನಿಂಗೂ ಹಂಗೇ ಬಿಟ್ಕೊಡ್ತ್ನಡ."

ನಮ್ಮ ಮಾತಿನಲ್ಲಿ 'ಅಡ' ಎಂಬ ಒಂದು ಪುಟ್ಟ ಬಾಲವಿದೆ. ಗ್ರಂಥದ ಕನ್ನಡದಲ್ಲಿ ಅದು 'ಅಂತೆ'. ಆದರೆ 'ಅಂತೆ'ಗೆ ಇಲ್ಲದ ಒಂದು ಧೈರ್ಯ 'ಅಡ'ಕ್ಕೆ ಇದೆ. ಯಾವ ಮಾತಿಗಾದರೂ ಅದನ್ನು ಅಂಟಿಸಿದರೆ ಹೇಳಿದವರ ಜವಾಬ್ದಾರಿ ಮುಗಿಯಿತು; ಮಾತು ಮಾತ್ರ ಕೇಳಿದವರ ಎದೆಯಲ್ಲಿ ಕೂರುತ್ತದೆ. ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮುರಿದ ಸಂಬಂಧಗಳಲ್ಲಿ ಅರ್ಧ ಈ ಬಾಲ ತಾಗಿಯೇ ಮುರಿದದ್ದು ಎಂದು ನನ್ನ ನಂಬಿಕೆ.

"ಯಾರು ಹೇಳಿದ್ದು?"

"ಅಮ್ಮಮ್ಮ ಆಯಿ ಹತ್ರ ಹೇಳ್ತಾ ಇತ್ತು."

ಆಯಿ ಎಂದರೆ ನನ್ನ ಮಗಳು, ಅಮ್ಮಮ್ಮ ಎಂದರೆ ನನ್ನ ಹೆಂಡತಿ. ಒಳಗೆ ತಂಬುಳಿಗೆ ಒಗ್ಗರಣೆ ಹಾಕುತ್ತಿದ್ದಳು. ನಾನು ಬಾಗಿಲಿನಲ್ಲಿ ನಿಂತು ಗಂಭೀರವಾಗಿ ಕೇಳಿದೆ. ಅವಳು ಸೌಟನ್ನೂ ನಿಲ್ಲಿಸಲಿಲ್ಲ.

"ಹೌದು. ಬಿಟ್ಕೊಡು ಹೇಳಿ ಆನೇ ಹೇಳಿದ್ದು ಗಣಪಣ್ಣಂಗೆ. ನಿಂಗ ಗೆದ್ದು ಬಂದ್ರೆ ಉಂಡು ಮಲಗ್ತ್ರಿ. ಸೋತು ಬಂದ್ರೆ ಅಲ್ಲಿ ಬಾರದ ಮಾತೆಲ್ಲ ಇಲ್ಲಿ ಬತ್ತು, ಎನ್ನ ಎದುರಿಗೆ ಕೂರ್ಸ್ಕಂಡು ಹೇಳ್ತ್ರಿ. ಒಂದಿನ ಎನ್ನ ವೈರಿ ಮಾಡಿ ವಾದ ಮಾಡ್ತಾ ಕಾವಲಿ ಮೇಲಿನ ದೋಸೆ ಸುಟ್ಟು ಕರಕಲಾತು. ಅವತ್ತೇ ನಿಶ್ಚಯ ಮಾಡಿದ್ದು."

"ಅಂದರೆ ನನ್ನ ಗೆಲುವೆಲ್ಲ ನಿನ್ನ ದೋಸೆಗಾಗಿಯೋ?"

"ಮತ್ತೆಂತಕ್ಕೆ?" ಎಂದಳು, ನಿಜವಾಗಿಯೂ ಆಶ್ಚರ್ಯಪಟ್ಟು.

ಮರುದಿನ ಗಣಪಣ್ಣನ ಮನೆಗೆ ಹೋದೆ. ಅವನು ಅಲ್ಲಗಳೆಯಲೂ ಇಲ್ಲ. "ಭಾವಾ, ಅಕ್ಕ ಎನ್ನ ಕಕ್ಷಿದಾರಳು. ಕಕ್ಷಿದಾರರು ಸುಮ್ಮಂಗಿರು ಹೇಳಿದ ಮೇಲೆ ವಕೀಲ ಸುಮ್ಮಂಗಿರವು," ಎಂದ. ಫೀಸು ಏನೆಂದು ಕೇಳಿದೆ. ವರ್ಷವರ್ಷವೂ ನಮ್ಮ ಮನೆಯಿಂದ ಅವನಲ್ಲಿಗೆ ಹೋಗುವ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯತ್ತ ಕಣ್ಣು ತೋರಿಸಿದ. ಅದನ್ನು ನಾನು ಇಷ್ಟು ದಿನ ಸ್ನೇಹ ಎಂದುಕೊಂಡಿದ್ದೆ.

ಈಗ ನನ್ನ ಅವಸ್ಥೆಯನ್ನು ಯೋಚಿಸಿ. ತಾಲೂಕಿನಲ್ಲಿ ನಾಲ್ಕು ಜನ ನನ್ನನ್ನು ಅರ್ಥಧಾರಿ ಎಂದು ಕರೆಯುತ್ತಾರೆ. ಕೆಲವರು ಅದರ ಮೊದಲಿಗೆ 'ಹಿರಿಯ' ಎಂದೂ ಸೇರಿಸುತ್ತಾರೆ. ಮಾಸ್ತರಿಕೆ ಮುಗಿದ ಮೇಲೆ ನನ್ನ ಹತ್ತಿರ ಉಳಿದ ಗೌರವ ಅದೊಂದೇ. ಅದು ದಕ್ಕಿದ್ದೋ, ಬರೀ ಸಿಕ್ಕಿದ್ದೋ ಎಂಬುದು ತೀರ್ಮಾನವಾಗದೆ ಊಟ ಸೇರುವಂತಿರಲಿಲ್ಲ. "ಮುಂದೆ ಬರುವ ಕೋಲಸಿರ್ಸಿಯ ತಾಳಮದ್ದಲೆ ಕೂಟದಲ್ಲಿ ನಿಜವಾಗಿ ವಾದಿಸು. ಎನಗೆ ದಯೆ ಬೇಡ," ಎಂದೆ.

"ಅಕ್ಕಂಗೆ ಎಂತ ಹೇಳವು?"

"ದೋಸೆ ಬಿಟ್ಟು ಉಪ್ಪಿಟ್ಟು ಮಾಡಲಿ."

ಕೋಲಸಿರ್ಸಿಯಲ್ಲಿ ಒಬ್ಬರ ಮನೆಯ ಗೃಹಪ್ರವೇಶ. ಹೋಳಿಗೆ ಊಟದ ನಂತರ ಚಪ್ಪರದಡಿ ತಾಳಮದ್ದಲೆ. ಪ್ರಸಂಗ ಯಾವುದೆಂದು ನೀವೇ ತಿಳಿಯುತ್ತೀರಿ: ಮರದ ಮರೆಯಿಂದ ಬಾಣ ಬಿಟ್ಟ ಪ್ರಭುವಿನ ಅರ್ಥ ನನ್ನದು, ಬಾಣ ತಿಂದು ಬಿದ್ದ ಕಪಿರಾಜನ ಅರ್ಥ ಗಣಪಣ್ಣನದು. ಎದುರಿನ ಚಾಪೆಯಲ್ಲಿ ಅನಘಾ, ಅವಳ ಪಕ್ಕ ನನ್ನ ಹೆಂಡತಿ, ಅವರ ಹಿಂದೆ ಹೋಳಿಗೆಯ ಭಾರಕ್ಕೆ ತೂಕಡಿಸುತ್ತಿದ್ದ ಸಭೆ.

ಪದ್ಯ ಮುಗಿಯಿತು. ಗಣಪಣ್ಣ ಎದೆಗೆ ಕೈಯಿಟ್ಟು, ನೋವಿನಿಂದ ನಕ್ಕು, ಶುರು ಮಾಡಿದ. "ಪ್ರಭೂ, ಎದುರಿಗೆ ನಿಂತು ಗೆದ್ದಿದ್ದರೆ ಈ ಗೆಲುವು ನಿನಗೆ ದಕ್ಕುತ್ತಿತ್ತು. ಮರೆಯಲ್ಲಿ ನಿಂತೆ, ಸಿಕ್ಕಿತು. ಸಿಕ್ಕಿದ್ದನ್ನೇ ದಕ್ಕಿದ್ದೆಂದು ತಿಳಿದವನು ಬೆಳೆಯುತ್ತಾನೆಯೇ? ಅವನ ಕಿರೀಟ ಬೆಳೆಯುತ್ತದೆ, ಅಷ್ಟೇ!"

ತೂಕಡಿಸುತ್ತಿದ್ದ ಸಭೆ ಎಚ್ಚರಗೊಂಡಿತು. ಯಾರೋ "ಭಲೇ" ಎಂದರು. ನನ್ನ ಜಗಲಿಯಲ್ಲಿ ನನ್ನದೇ ಚಾ ಕುಡಿದು ನನ್ನದೇ ಮಾತನ್ನು ಹೊತ್ತೊಯ್ದಿದ್ದ. ಟೊಪ್ಪಿಯನ್ನು ಕಿರೀಟ ಮಾಡಿದ್ದಷ್ಟೇ ಅವನ ಸ್ವಂತ ಸಂಪಾದನೆ. ಸಂಕಟವೆಂದರೆ, ಆ ಮಾತನ್ನು ನಾನು ಪೂರ್ತಿ ಒಪ್ಪುತ್ತಿದ್ದೆ. ಜಗಲಿಯಲ್ಲಿ ಕೂತು ಎರಡೆರಡು ಸಲ ಅದನ್ನೇ ಪ್ರತಿಪಾದಿಸಿದ್ದವನಿಗೆ ಈಗ ಅದನ್ನು ಖಂಡಿಸುವುದು ಹೇಗೆ? ಪ್ರಭುವಿನ ಪಕ್ಷದಲ್ಲಿ ಎಂದಿನಿಂದಲೂ ಇರುವ ಹಳೆಯ ಉತ್ತರವೊಂದಿದೆ. ಅದನ್ನೇ ಹಿಡಿದೆ.

"ಎಲೈ ಕಪಿಯೇ, ನೀನು ಮೃಗ. ಮೃಗವನ್ನು ಮರೆಯಿಂದ ಬೇಟೆಯಾಡುವುದು ರಾಜರಿಗೆ ಸಲ್ಲುತ್ತದೆ."

"ಮೃಗವೆಂದು ಗೊತ್ತಿದ್ದರೆ ಕೊಲ್ಲಬೇಕೇಕೆ ಪ್ರಭೂ? ಹಿಡಿದು ಡಬ್ಬಿಯಲ್ಲಿ ಹಾಕಿಟ್ಟುಕೊಳ್ಳಬಹುದಿತ್ತಲ್ಲ!"

ಅನಘಾ ಎದ್ದುನಿಂತು ಚಪ್ಪಾಳೆ ತಟ್ಟಿದಳು. ಆಗ ನನ್ನ ಬಾಯಿಂದ ಒಂದು ಮಾತು ಹೊರಟಿತು. ಅದನ್ನು ಯಾವ ಪ್ರಭುವೂ ಯಾವ ಕಾಲದಲ್ಲೂ ಆಡಿರಲಿಕ್ಕಿಲ್ಲ.

"ಡಬ್ಬಿ ಖಾಲಿ ಇರಲಿಲ್ಲ," ಎಂದೆ. "ಅದರಲ್ಲಿ ಆಮೆ ಇತ್ತು."

ಚಪ್ಪರ ಹಾರಿಹೋಗುವಂತೆ ನಗು. ಮದ್ದಳೆಯವನು ಮದ್ದಳೆಯ ಮೇಲೆ ತಲೆಯಿಟ್ಟು ನಗುತ್ತಿದ್ದ. ನಾನು ಮುಂದಿನ ಮಾತಿಗಾಗಿ ನಾಲಗೆಯನ್ನು ಕರೆದೆ, ಬೇಡಿಕೊಂಡೆ. ಅಷ್ಟು ವರ್ಷ ಪುಕ್ಕಟೆ ಉಂಡು ಬೆಳೆದ ನಾಲಗೆ, ನಡುಅಂಕಣದಲ್ಲಿ ಕೂತು ಆಕಳಿಸಿತು. ಅರ್ಥಧಾರಿ ಸಿಕ್ಕಿಬಿದ್ದಾಗ ಭಾಗವತರು ಜಾಗಟೆ ಬಾರಿಸಿ ಮುಂದಿನ ಪದ್ಯ ಎತ್ತಿಕೊಂಡು ಮರ್ಯಾದೆ ಉಳಿಸುವುದು ನಮ್ಮಲ್ಲಿಯ ಪದ್ಧತಿ. ಎಷ್ಟೋ ವರ್ಷಗಳ ಮೇಲೆ ಆ ಪದ್ಯ ನನಗಾಗಿ ಎದ್ದಿತು. ಪಾಪ, ಬಹಳ ನಿಧಾನಕ್ಕೆ, ದೀರ್ಘ ಆಲಾಪನೆಯೊಂದಿಗೆ ಹಾಡಿದರು.

ಬರುವಾಗ ಕಾರಿನಲ್ಲಿ ಅನಘಾ ನನ್ನ ಕೈ ಹಿಡಿದು, "ಟೊಪ್ಪಿ ಮಾಣಿ ಸೋತ್ರೆ ಅಳ್ತ. ನೀ ಅತ್ತಿದ್ದಿಲ್ಲೆ ಅಜ್ಜಾ," ಎಂದಳು. ಅದೂ ಒಂದು ಮುದ್ರೆಯೇ ಎನ್ನಿಸಿತು. ಹೋರಾಡಿ ಗಳಿಸಿದ್ದು ಹೌದೋ ಅಲ್ಲವೋ ತಿಳಿಯಲಿಲ್ಲ. ಮನೆಗೆ ಬಂದದ್ದೇ ಉತ್ತರಗಳು ಒಂದರ ಮೇಲೊಂದು ಬರತೊಡಗಿದವು. ಹೆಂಡತಿಯನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅವಳು ಸಾವಕಾಶ ಕೇಳಿ, "ಇಷ್ಟು ಚೊಲೋ ಮಾತು ಅಲ್ಲಿ ಎಂತಕ್ಕೆ ಬಂಜಿಲ್ಲೆ?" ಎಂದಳು.

ವಾರದೊಳಗೆ ಗಣಪಣ್ಣನ ಫೋನು. ತ್ಯಾಗಲಿಯಲ್ಲಿ ಕೂಟವಂತೆ, ಕೋಲಸಿರ್ಸಿಯ ಸುದ್ದಿ ಕೇಳಿ ಅದೇ ಪ್ರಸಂಗ, ಅದೇ ಇಬ್ಬರು ಬೇಕೆಂದು ಹಟ ಹಿಡಿದಿದ್ದಾರಂತೆ. "ಎಂತ ಮಾಡ್ವ ಭಾವಾ? ಈ ಸಲವೂ ನಿಜವೋ, ಮೊದಲಿನ ಹಂಗೋ?"

ನಾನು ಗಂಟಲು ಸರಿಮಾಡಿಕೊಂಡು, "ನಿಜವೇ ಆಗ್ಲಿ. ಆದ್ರೆ ಪಾತ್ರ ಅದಲು ಬದಲು. ಬಾಣ ತಿಂದವನ ಅರ್ಥ ಆನು ಹೇಳ್ತೆ," ಎಂದೆ. ಒಳಗುಟ್ಟು ಇಷ್ಟೇ: ಆ ಪ್ರಸಂಗದಲ್ಲಿ ಪ್ರಶ್ನೆಗಳೆಲ್ಲ ಬಿದ್ದವನ ಹತ್ತಿರವಿವೆ, ನಿಂತವನಿಗೆ ಬರೀ ಉತ್ತರಗಳು. ಬಿದ್ದುಕೊಂಡು ಯಾರು ಬೇಕಾದರೂ ಗೆಲ್ಲಬಹುದು. ಸುಲಭದ ಹಾದಿ ಹುಡುಕಿದಿರಲ್ಲ ಎಂದು ನೀವು ಕೇಳಬಹುದು. ಕೇಳಬೇಡಿ.

ಗಣಪಣ್ಣ ತಕರಾರು ಮಾಡುತ್ತಾನೆ ಎಂದು ಕಾದೆ. ಅವನು, "ಆಗ್ಲಿ ಭಾವಾ, ಚೊಲೋ ಆತು," ಎಂದು ಫೋನಿಟ್ಟ. ಅಷ್ಟೇ. ಒಂದು ಆಕ್ಷೇಪಣೆಯಿಲ್ಲ, ಒಂದು ವಾಯಿದೆಯಿಲ್ಲ. ಸಿರ್ಸಿಯ ವಕೀಲನೊಬ್ಬ ಇಷ್ಟು ಸಲೀಸಾಗಿ ಒಪ್ಪಬೇಕಾದರೆ ಪ್ರಭುವಿನ ಪಕ್ಷದಲ್ಲಿ ನನಗೆ ಗೊತ್ತಿಲ್ಲದ ಉತ್ತರವೊಂದು ಅವನ ಹತ್ತಿರ ಇರಲೇಬೇಕು. ಅದೇನೆಂದು ಪತ್ತೆ ಮಾಡಲು ಅಟ್ಟದಿಂದ ಹಳೆಯ ಪುಸ್ತಕಗಳನ್ನೆಲ್ಲ ಇಳಿಸಿ, ಕಾರ್ಟೂನಿನ ಹೊತ್ತಿಗೂ ಏಳದೆ ಓದುತ್ತಿದ್ದೇನೆ. ನಿನ್ನೆ ಹೆಂಡತಿ ಬಂದು ಪಕ್ಕದಲ್ಲಿ ಮಜ್ಜಿಗೆಯ ಲೋಟ ಇಟ್ಟು, "ಈ ವಯಸ್ಸಿನಲ್ಲಾದ್ರೂ ಕಷ್ಟಪಟ್ಟು ಕಲೀವು ಹೇಳಿ ಬುದ್ಧಿ ಬಂತಲಿ, ದೊಡ್ಡ ಗುಣ," ಎಂದಳು. ಬುದ್ಧಿಯೂ ಅಲ್ಲ ಗುಣವೂ ಅಲ್ಲ, ಬರೀ ಅನುಮಾನ ಎಂದು ತಿದ್ದಬೇಕಿತ್ತು. ತಿದ್ದಲಿಲ್ಲ. ಅವಳ ಬಾಯಿಂದ ಹೊಗಳಿಕೆ ಬರುವುದೇ ಅಪರೂಪ; ಹೇಗೂ ಪುಕ್ಕಟೆ ಸಿಕ್ಕಿದೆ, ಇರಲಿ ಎಂದು ಇಟ್ಟುಕೊಂಡೆ.