ಸಹಿಗೆಂದು ಬಿಟ್ಟ ಜಾಗದ ಕುರಿತು ಫೋಟೋಗ್ರಾಫರ್ ಬಾಬುಸಾಬರಿಗೆ

ಗಜೇಂದ್ರಗಡ, ಆಷಾಢ, ೧೯೫೪

ಬಿಸಿಲನ್ನೂ ಮಾತು ಕೇಳುವಂತೆ ಮಾಡಿದ, ಗದಗಿನ ಹಿರಿಯ ಭಾವಚಿತ್ರಗಾರರಾದ ಬಾಬುಸಾಬರ ಸನ್ನಿಧಿಗೆ, ಸೀರೆ ವ್ಯಾಪಾರಿ ಮಹಾಲಿಂಗಪ್ಪನು ನಾಲ್ಕು ಮಂದಿ ಓದಲೆಂದೇ ಬರೆದುಕೊಂಡ ಅರಿಕೆ.

ಮಾನ್ಯರೇ,

ತಾವು ಮನಸ್ಸಿಗೆ ಬಂದ ಚಿತ್ರಕ್ಕೆ ಮಾತ್ರ ಸಹಿ ಹಾಕುತ್ತೀರೆಂಬುದು ಈ ಸೀಮೆಗೆಲ್ಲ ಗೊತ್ತು. ತಮ್ಮ ಸಹಿಯುಳ್ಳ ಹಳೆಯ ಚಿತ್ರಗಳನ್ನು ರೋಣ, ನರಗುಂದದ ವಾಡೆಗಳಿಂದ ಕಾಡಿ ಬೇಡಿ ತಂದು ನನ್ನ ಪಡಸಾಲೆಯ ತುಂಬ ತೂಗುಹಾಕಿದ್ದೇನೆ. ಬಂದವರು ಅವರೆಲ್ಲ ನನ್ನ ಹಿರಿಯರೆಂದು ತಿಳಿದು ಕೈಮುಗಿಯುತ್ತಾರೆ. ಯಾರೆಂದು ಕೇಳಿದರೆ ನಾನು ತಮ್ಮ ಹೆಸರು ಹೇಳುತ್ತೇನೆ, ಏಕೆಂದರೆ ಚಿತ್ರದಲ್ಲಿರುವವರ ಹೆಸರು ನನಗೂ ಗೊತ್ತಿಲ್ಲ.

ಇಂಥ ಭಕ್ತನು ತಾನೂ ತಮ್ಮ ಸಹಿಗೆ ಪಾತ್ರನಾಗಬೇಕೆಂದು ಆಸೆಪಟ್ಟದ್ದು ತಪ್ಪೇ? ರುಮಾಲು ಸುತ್ತಿ, ಬೀಗರ ಕೈಗಡಿಯಾರ ಎರವಲು ತಂದು, ಅದು ಕಾಣಲೆಂದು ಕೋಟಿನ ತೋಳು ಮೇಲೇರಿಸಿ, ಗದಗಿನ ತಮ್ಮ ಸ್ಟುಡಿಯೋಕ್ಕೆ ಬಂದು, ಹೆಂಡತಿ ಸಿದ್ದಲಿಂಗವ್ವನನ್ನು ಬುತ್ತಿಗಂಟಿನೊಡನೆ ದೂರದ ಸ್ಟೂಲಿನ ಮೇಲೆ ಕೂರಿಸಿ, ನಾನು ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿ ಉಸಿರು ಬಿಗಿಹಿಡಿದೆ. ವಾಲಿದ್ದು ಇನ್ನೊಂದು ಪಕ್ಕ ತಮ್ಮ ಸಹಿಗೆ ಜಾಗವಿರಲೆಂದು. ನೆಟ್ಟಗೆ ಕೂರಲು ತಾವು ಹೇಳಿದಷ್ಟೂ ನಾನು ಇನ್ನಷ್ಟು ಜಾಗ ಮಾಡಿಕೊಟ್ಟೆ.

ಚಿತ್ರ ಅಂಚೆಯಲ್ಲಿ ಬಂತು. ನಾನು ವಾಲಿದ್ದೇನೆ, ಜಾಗ ಖಾಲಿ ಇದೆ. ಗೋಡೆಗೆ ಹಾಕಿದಾಗಿನಿಂದ ಬಂದ ನೆಂಟರೆಲ್ಲ ಚೌಕಟ್ಟು ಸೊಟ್ಟಗಿದೆಯೆಂದು ಸರಿಪಡಿಸಿ ಸರಿಪಡಿಸಿ, ಈಗ ನಾನು ನೆಟ್ಟಗಾಗಿ ಚೌಕಟ್ಟು ಸೊಟ್ಟಗಾಗಿದೆ.

ಇಷ್ಟೇ ಆಗಿದ್ದರೆ ಹಣೆಬರಹವೆಂದು ಸುಮ್ಮನಿರುತ್ತಿದ್ದೆ. ಅದೇ ಲಕೋಟೆಯಲ್ಲಿ, ಯಾರೂ ಕೇಳದೆ ತಾವು ತೆಗೆದ ಇನ್ನೊಂದು ಚಿತ್ರವಿತ್ತು: ಸ್ಟೂಲಿನ ಮೇಲೆ ಸಿದ್ದಲಿಂಗವ್ವ, ಬುತ್ತಿಗಂಟು ಅವುಚಿಕೊಂಡು, ನನ್ನ ಕಡೆ ನೋಡಿ ನಗುತ್ತಿರುವುದು. ಅದಕ್ಕೆ ತಮ್ಮ ದುಂಡನೆಯ ಸಹಿ ಬಿದ್ದಿದೆ. ಆ ನಗು ಹುಟ್ಟಿದ್ದು ನನ್ನಿಂದಾದ ಕಾರಣ ಅರ್ಧ ಸಹಿಯಾದರೂ ನನಗೆ ಸಲ್ಲಬೇಕು. ನನ್ನ ಖಾಲಿ ಜಾಗದಲ್ಲಿ 'ನಗಿಸಿದವನು ಈತನೇ' ಎಂದು ತಾವು ಸ್ವಹಸ್ತದಿಂದ ಬರೆದುಕೊಡಬೇಕಾಗಿ ವಿನಂತಿ.

ಆ ಚಿತ್ರವನ್ನು ನನ್ನ ಸಂಗ್ರಹದ ನಡುವೆ ತೂಗುಹಾಕುವೆನೆಂದದ್ದಕ್ಕೆ ಆಕೆ, "ಬ್ಯಾಡ್ರಿ, ಗುರ್ತಿಲ್ಲದವರ ನಡುವ ನನ್ನ ಯಾಕ ಕೂಡಸ್ತೀರಿ?" ಎಂದಳು. ಪಂಚಮಿಗೆ ಯಾವಗಲ್ಲಿನ ತವರಿಗೆ ಹೋಗುವಾಗ ಒಯ್ದು ತಂಗಿ ಕಲ್ಲವ್ವನಿಗೆ ಕೊಡುವವಳಿದ್ದಾಳೆ. ಊರವರ ಮುಖಗಳನ್ನೆಲ್ಲ ಕೂಡಿಹಾಕಿದ ನಾನು ಇಷ್ಟು ವರ್ಷದ ಸಂಸಾರದಲ್ಲಿ ಆ ನಗುವನ್ನು ಕಂಡಿರಲೇ ಇಲ್ಲ. ನಾನು ಎದುರಿಗೆ ಬಂದರೆ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಆ ಚಿತ್ರ ಮನೆಯಿಂದ ಹೋಗುವುದು ನನಗೆ ಸಹಿಸಲಾಗದು. ಪಂಚಮಿಗೆ ಮೊದಲು ಇನ್ನೊಂದು ಪ್ರತಿಯನ್ನು ಅಂಗಡಿಯ ವಿಳಾಸಕ್ಕೆ ಕಳಿಸಿಕೊಡಬೇಕು. ಗೋಡೆಗೆ ಹಾಕುವುದಿಲ್ಲ.

ಇನ್ನೂ ವಾಲಿಕೊಂಡೇ ಇರುವ
ತಮ್ಮ ವಿಶ್ವಾಸಿ,
ಮಹಾಲಿಂಗಪ್ಪ

ತಾ.ಕ.: ಆ ಪ್ರತಿಗೆ ದಯವಿಟ್ಟು ಸಹಿ ಹಾಕಬೇಡಿ. ಮೊದಲಿನದರಲ್ಲಿ ತಮ್ಮ ಹೆಸರಿನ ಬಾಲ ಆಕೆಯ ಸೀರೆಯ ಅಂಚಿನ ಮೇಲೆ ಬಂದಿದೆ. ನನಗೆ ಆಕೆ ಪೂರ್ತಿ ಕಾಣಬೇಕು.