ಎರವಲು ವಯಸ್ಸಿನ ಕೋಣೆ

ಕಾಲು ಚಾಚಲು ಹೋಗಿ ಬೈಕಿನ ಸ್ಟ್ಯಾಂಡಿಗೆ ಮೊಣಕಾಲು ಜಜ್ಜಿಕೊಂಡ ದಿನ, ಇನ್ನು ಒಂದು ಕೋಣೆ ಕಟ್ಟಿಸದೆ ವಿಧಿಯಿಲ್ಲ ಎಂದು ತ್ವಾನ್ ತೀರ್ಮಾನಿಸಿದ. ಹನೋಯ್‌ನ ನಮ್ಮ ಹಳೆಯ ಐದಂತಸ್ತಿನ ಕಟ್ಟಡದಲ್ಲಿ ಅವನದು ನೆಲಮಹಡಿಯ ಒಂದೇ ಕೋಣೆಯ ಮನೆ. ಮಂಚ ಅಮ್ಮನಿಗೆ, ಅಟ್ಟ ಹೆಂಡತಿ ಮಕ್ಕಳಿಗೆ, ನೆಲ ಬೈಕಿಗೆ. ಉಳಿದ ಸಂದಿಯಲ್ಲಿ ತ್ವಾನ್ ಬೇಯಿಸಿದ ಸೀಗಡಿಯ ಹಾಗೆ ಮುದುರಿಕೊಂಡು ಮಲಗುತ್ತಿದ್ದ. ಕಾಲು ನೀಡಿ ಒಂದು ನಿದ್ದೆ ಮಾಡಬೇಕು, ಪಾಪ, ಅಷ್ಟೇ ಅವನ ಆಸೆ.

ಮನೆಯ ಹಿಂದೆ ಸ್ವಲ್ಪ ಖಾಲಿ ಜಾಗವಿತ್ತು. ಅದು ಸರ್ಕಾರದ್ದು. ಹಾಗಂತ ನೆಲಮಹಡಿಯವರು ಯಾರೂ ಸುಮ್ಮನೆ ಕೂತವರಲ್ಲ. ಭಾನುವಾರ ವಾರ್ಡ್ ಕಚೇರಿಗೆ ರಜೆ, ಬೆಳಿಗ್ಗೆ ಶುರು ಮಾಡಿದರೆ ಸಂಜೆಗೆ ತಗಡಿನ ಕೋಣೆ ಎದ್ದು ನಿಲ್ಲುತ್ತದೆ.

ತಡೆದವಳು ಹೆಂಡತಿ ಲಿಯೆನ್. "ಈ ವರ್ಷ ನಿಮ್ಮ ವಯಸ್ಸು ಕಟ್ಟೋ ಕೆಲಸಕ್ಕೆ ಆಗಿಬರಲ್ಲ ರೀ. ನೀವು ಗುದ್ದಲಿ ಮುಟ್ಟಿದ್ರೆ ಮನೆಗೇ ಕೇಡು."

"ಆಗಿಬರೋ ವಯಸ್ಸಿನವರನ್ನ ಎರವಲು ತಂದ್ರಾಯ್ತು."

ಐದನೆಯ ಅಂತಸ್ತಿನ ಕ್ವಿ ಮೇಷ್ಟ್ರ ವಯಸ್ಸು ಆ ವರ್ಷ ಬಹಳ ಪ್ರಶಸ್ತವಾಗಿತ್ತು, ಮಂಡಿ ಮಾತ್ರ ಕೆಟ್ಟಿತ್ತು. ಭಾನುವಾರ ಅವರು ಗೋಡೆ ಹಿಡಿದುಕೊಂಡು ಕೆಳಗಿಳಿದರು. ಇಡೀ ಕಟ್ಟಡ ನೆರೆಯಿತು. ಕೋಳಿ, ಅಂಟಕ್ಕಿ ಅನ್ನ, ಹಣ್ಣು ಇಟ್ಟು, ಊದುಬತ್ತಿ ಹಚ್ಚಿದ್ದಾಯಿತು. ಪದ್ಧತಿಯಂತೆ ತ್ವಾನ್ ಎಲ್ಲರೆದುರು, "ಭೂಮಿತಾಯಿ, ಈ ಕೋಣೆ ಕ್ವಿ ಮೇಷ್ಟ್ರದು, ನನ್ನದಲ್ಲ," ಎಂದು ಕೈಮುಗಿದು, ಮೇಷ್ಟ್ರು ಮೊದಲ ಗುದ್ದಲಿ ಹಾಕುವಾಗ ಅಲ್ಲಿರಬಾರದೆಂದು ಬೀದಿ ಕೊನೆಯ ಚಹದಂಗಡಿಗೆ ಹೋಗಿ ಅವಿತು ಕೂತ. ಕೆಲಸ ಮುಗಿದ ಮೇಲೆ ಮೇಷ್ಟ್ರಿಂದ ಕೋಣೆಯನ್ನು ಕೊಂಡಂತೆ ಮಾಡಿದರೆ ದೇವರ ಲೆಕ್ಕ ಚುಕ್ತಾ.

ಮಧ್ಯಾಹ್ನದ ಹೊತ್ತಿಗೆ ಗೋಡೆ, ಮಾಡು ಎಲ್ಲ ಆಗಿ, ಕೊನೆಯ ಮೊಳೆ ಹೊಡೆಯುವುದಷ್ಟೇ ಬಾಕಿಯಿತ್ತು. ತ್ವಾನ್ ಮರಳಿ ಬಂದು, ಚಾಪೆ ಹಿಡಿದು ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಬೀದಿಗೆ ನೂಡಲ್ಸ್ ತಿನ್ನಲು ಬಂದಿದ್ದ ವಾರ್ಡ್ ಅಧಿಕಾರಿ ಸುತ್ತಿಗೆಯ ಸದ್ದು ಹಿಡಿದು ಒಳಗೇ ಬಂದ.

"ಯಾರದ್ರೀ ಇದು? ಇವತ್ತೇ ಕೆಡವಿಸ್ತೀನಿ. ಮೇಲೆ ದಂಡ ಬೇರೆ."

ತ್ವಾನ್ ಚಾಪೆಯನ್ನು ಬೆನ್ನ ಹಿಂದೆ ಸರಿಸಿದ. "ನನ್ನದಲ್ಲ ಸ್ವಾಮಿ," ಎಂದುಬಿಟ್ಟ.

ಎರಡನೆಯ ಮಹಡಿಯ ಲೂ ಚಿಕ್ಕಮ್ಮನಿಗೆ ಯಾರೂ ಕೇಳದಿದ್ದರೂ ಸಾಕ್ಷಿ ಹೇಳುವ ಚಟ. "ನಿಜ ಕಣಪ್ಪ. ಬೆಳಿಗ್ಗೆ ದೇವರ ಮುಂದೇ ಹೇಳಿದ್ದಾನೆ, ಐದನೇ ಅಂತಸ್ತಿನ ಕ್ವಿ ಮೇಷ್ಟ್ರದು ಅಂತ. ನಾವೆಲ್ಲ ಇದ್ವಿ."

ಎಲ್ಲರೂ ಹೌದು ಹೌದು ಎಂದರು. ದೇವರಿಗೆ ಹೇಳಿದ್ದನ್ನು ಸುಳ್ಳೆಂದು ಯಾರು ತಾನೆ ಹೇಳಿಯಾರು?

ಅಧಿಕಾರಿ ಮೂಲೆಯ ಸ್ಟೂಲಿನಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದ ಮೇಷ್ಟ್ರ ಕಡೆ ತಿರುಗಿದ. ನೋಡಿದವನೇ ಹೆಲ್ಮೆಟ್ ತೆಗೆದು ಕೈಕಟ್ಟಿ ನಿಂತ. "ಮೇಷ್ಟ್ರೇ, ನೀವಾ? ನಂಗೆ ಅಕ್ಷರ ತಿದ್ದಿಸಿದವರು ನೀವು. ಗುರುತು ಸಿಕ್ತಾ?"

"ಹಿಂದಿನ ಬೆಂಚಲ್ಲಿ ನಿದ್ದೆ ಹೊಡೀತಿದ್ದೋನಲ್ವಾ?"

"ಅವನೇ. ಈ ಮಂಡಿ ಇಟ್ಕೊಂಡು ಐದನೇ ಅಂತಸ್ತಿಗೆ ಹತ್ತುತ್ತೀರಾ? ಕೆಳಗೆ ಮಾಡ್ಕೊಂಡಿದ್ದು ಒಳ್ಳೇದಾಯ್ತು. ಗುರುಗಳ ಮಾಡು ಕೀಳೋಷ್ಟು ಪಾಪಿ ಅಲ್ಲ ನಾನು. ಇದನ್ನ ನಾನು ನೋಡೇ ಇಲ್ಲ."

ತ್ವಾನ್ ನಿಟ್ಟುಸಿರು ಬಿಟ್ಟು ಲಿಯೆನ್ ಕಡೆ ನೋಡಿ ನಕ್ಕ. ಪುಣ್ಯಾತ್ಮ ಸ್ವಲ್ಪ ತಡೆದು ನಗಬೇಕಿತ್ತು.

"ಆದ್ರೆ," ಅಧಿಕಾರಿ ಅವನ ಕೈಯ ಚಾಪೆ ನೋಡಿದ, "ಮೇಷ್ಟ್ರನ್ನ ಬಿಟ್ಟು ಬೇರೆ ಯಾರಾದ್ರೂ ಇಲ್ಲಿ ಮಲಗಿದ್ದು ಕಂಡ್ರೆ ಅವತ್ತೇ ಕೆಡವಿಸ್ತೀನಿ. ಪ್ರತಿ ಭಾನುವಾರ ಬಂದು ಇವರ ಯೋಗಕ್ಷೇಮ ನೋಡ್ಕೊಂಡು ಹೋಗ್ತೀನಿ. ಮಂಚ ಕೆಳಗೆ ಯಾರು ತರ್ತಾರೆ?"

ಇಡೀ ಕಟ್ಟಡ ತ್ವಾನ್‌ನನ್ನು ನೋಡಿತು.

ಮಂಚ, ಪೆಟ್ಟಿಗೆ, ಹಾಡುವ ಹಕ್ಕಿಯ ಪಂಜರ, ಎಲ್ಲವನ್ನೂ ಅವನೇ ಹೊತ್ತು ಇಳಿಸಿದ. ಮೇಷ್ಟ್ರು ಸಂಕೋಚದಿಂದ ಬೇಡ ಬೇಡ ಎನ್ನುತ್ತಲೇ ಯಾವುದು ಎಲ್ಲಿರಬೇಕೆಂದು ತೋರಿಸಿದರು. ಅಧಿಕಾರಿ ಹೋದ ಮೇಲೆ ತ್ವಾನ್ ಸುಸ್ತಾಗಿ ಬೈಕಿನ ಪಕ್ಕದ ಸಂದಿಯಲ್ಲಿ ಬಿದ್ದುಕೊಂಡ. ಕಣ್ಣು ಹತ್ತಿತು ಅನ್ನುವಾಗ ಯಾರೋ ಭುಜ ತಟ್ಟಿದರು. ಹೊಸ ಕೋಣೆಗೆ ಬೇರೆ ಬಾಗಿಲಿರಲಿಲ್ಲ. ಇವನ ಮನೆಯೊಳಗಿಂದಲೇ ದಾರಿ.

"ಕಾಲು ಸ್ವಲ್ಪ ಮಡಚ್ಕೋ ಮಗಾ," ಎಂದರು ಕ್ವಿ ಮೇಷ್ಟ್ರು, "ನನ್ನ ಮನೆಗೆ ಹೋಗ್ಬೇಕು."